ಬೆವರಿನ ಸಾಕ್ಷ್ಯ

ಭಯದಿಂದಲೋ ಉದ್ವೇಗದಿಂದಲೋ ಅಂಗೈ ಬೆವರುವುದು ಮನುಷ್ಯಮಾತ್ರರಿಗೆಲ್ಲ ಅನುಭವಸಿದ್ಧವಾದ ಸಂಗತಿ. ಭರತಮುನಿಯು ಸ್ವೇದವನ್ನು ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದನ್ನಾಗಿ ಎಣಿಸಿರುವುದನ್ನು ಅಲಂಕಾರಶಾಸ್ತ್ರದ ಅ ಆ ಇ ಈ ಓದಿದವರೂ ಬಲ್ಲರು. ಈ ಸ್ವೇದವನ್ನು ಮಣಿಕಟ್ಟಿಗೆ ಕಟ್ಟಿದ ಪಟ್ಟಿಯೊಂದರಿಂದ ಅಳೆದು, ಅಂಕಿಗಳನ್ನಾಗಿ ಮಾಡಿ, ಗಣಕಯಂತ್ರಕ್ಕೆ ಒಪ್ಪಿಸತಕ್ಕ ವಿದ್ಯೆಯು ಅಮೆರಿಕದಲ್ಲಿ ಸುಮಾರು ಮೂವತ್ತು ವರ್ಷಗಳಿಂದ ಬೆಳೆದುಬಂದಿದೆ. ಅದರ ಗುಣವೂ ದೋಷವೂ ನಮ್ಮ ದೇಶಕ್ಕೆ ತಟ್ಟದೆ ಇರಲಾರವು. ಆದಕಾರಣ ಆ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಈ ವಿದ್ಯೆಗೆ ನಾಮಕರಣ ಮಾಡಿದವರು ಎಂ.ಐ.ಟಿ.ಯ ಪ್ರಾಧ್ಯಾಪಿಕೆ ರೊಸಾಲಿಂಡ್ ಪಿಕಾರ್ಡ್ ಎಂಬ ವಿದುಷಿ. ವಿದ್ಯುತ್ ಇಂಜನಿಯರಿಂಗಿನಲ್ಲಿ ಪದವಿ ಪಡೆದು, ಬೆಲ್ ಪ್ರಯೋಗಶಾಲೆಯಲ್ಲಿ ಕೆಲವು ಕಾಲ ದುಡಿದು, 1991ರಲ್ಲಿ ಎಂ.ಐ.ಟಿ.ಯ ಮೀಡಿಯಾ ಲ್ಯಾಬಿಗೆ ಅಧ್ಯಾಪಕರಾಗಿ ಬಂದ ಈಕೆಯ ಮೊದಲಿನ ವ್ಯಾಸಂಗವೆಲ್ಲ ಚಿತ್ರಗಳನ್ನು ಯಂತ್ರವು ಗುರುತಿಸುವ ಬಗೆಗೆ ಸಂಬಂಧಪಟ್ಟುದು. ಭಾವನೆಯು ಬುದ್ಧಿಗೆ ಶತ್ರುವಲ್ಲ, ಅದನ್ನು ಕಳೆದುಕೊಂಡ ರೋಗಿಯು ಸಣ್ಣ ನಿರ್ಧಾರವನ್ನೂ ಮಾಡಲಾರದೆ ಹೋಗುತ್ತಾನೆಂಬುದನ್ನು ನರಶಾಸ್ತ್ರಜ್ಞ ಆಂಟೋನಿಯೋ ಡಮಾಸಿಯೋ ಅವರು 1994ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. ಹೀಗಿರುವಲ್ಲಿ ಯಂತ್ರಕ್ಕೆ ಬುದ್ಧಿ ಕಲಿಸಹೊರಟವರು ಭಾವವನ್ನು ಬಿಡುವುದು ಹೇಗೆ? ಇಂಜನಿಯರರ ಮಂಡಲಿಯಲ್ಲಿ ಹೆಂಗಸೊಬ್ಬಳು ಭಾವನೆಯ ಮಾತೆತ್ತಿದರೆ ನಗೆಗೀಡಾದೀತೆಂದು ಈಕೆ ಮೊದಲು ಅಳುಕಿದ್ದುಂಟು. ಆ ಅಳುಕನ್ನು ಮೀರಿ 1997ರಲ್ಲಿ ‘ಅಫೆಕ್ಟಿವ್ ಕಂಪ್ಯೂಟಿಂಗ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅಂದಿನಿಂದ ಅದೊಂದು ಪ್ರತ್ಯೇಕ ಶಾಸ್ತ್ರವಾಯಿತು.

ಇವರ ವೃತ್ತಾಂತದಲ್ಲಿ ನಮಗೆ ಅತ್ಯಂತ ಮುಖ್ಯವಾಗಿ ತೋರುವ ಪ್ರಸಂಗವೊಂದಿದೆ. ಇವರ ಪ್ರಯೋಗಶಾಲೆಯ ವಿದ್ಯಾರ್ಥಿಯೊಬ್ಬನ ತಮ್ಮನು ಆಟಿಸಂನಿಂದ ಬಾಧಿತನಾದ, ಮಾತು ಬಾರದ ಹುಡುಗ. ಅವನ ಮನಸ್ಸಿನ ಕಳವಳವನ್ನು ತಿಳಿಯುವ ಆಸೆಯಿಂದ ರಜೆಯಲ್ಲಿ ಎರಡು ಪಟ್ಟಿಗಳನ್ನು ಒಯ್ದು ಅವನ ಎರಡು ಕೈಗಳಿಗೂ ಕಟ್ಟಲಾಯಿತು. ಬಂದ ಲೆಕ್ಕವನ್ನು ನೋಡುವಲ್ಲಿ, ಒಂದು ಕೈಯ ಗೆರೆಯು ಎಂದೂ ಕಾಣದಷ್ಟು ಎತ್ತರಕ್ಕೆ ಏರಿದೆ. ಇನ್ನೊಂದು ಕೈಯ ಗೆರೆ ಸುಮ್ಮನೆ ಮಲಗಿದೆ! ಯಂತ್ರ ಕೆಟ್ಟಿರಬೇಕೆಂದು ಪಿಕಾರ್ಡ್ ಅವರು ಮೊದಲು ಶಂಕಿಸಿದರಂತೆ. ಎಷ್ಟು ಪರೀಕ್ಷಿಸಿದರೂ ಯಂತ್ರದಲ್ಲಿ ದೋಷ ಕಾಣದಿರಲು, ಕೊನೆಗೆ ವಿಚಾರಿಸಿದಾಗ ಹುಡುಗನಿಗೆ ಆ ಹೊತ್ತಿನಲ್ಲಿ ಅಪಸ್ಮಾರದ ಮೂರ್ಛೆ ಬಂದಿತ್ತೆಂದು ತಿಳಿಯಿತು.

ಭಾವವನ್ನು ಹುಡುಕಹೊರಟವರಿಗೆ ರೋಗವು ಸಿಕ್ಕಿತು. ಮಿದುಳಿನ ಆಳದ ಕ್ಷೋಭೆಯು ಸಿಂಪಥೆಟಿಕ್ ನರಗಳ ಮೂಲಕ ಚರ್ಮದ ಬೆವರುಗ್ರಂಥಿಗಳನ್ನು ಪ್ರಚೋದಿಸುವುದರಿಂದ ಚರ್ಮದಲ್ಲಿ ವಿದ್ಯುತ್ತು ಹೆಚ್ಚು ಸುಲಭವಾಗಿ ಹರಿಯುತ್ತದೆ; ಪಟ್ಟಿಯು ಅಳೆಯುವುದು ಇದನ್ನೇ. ಆಮೇಲೆ ಬಾಸ್ಟನ್ನಿನ ವೈದ್ಯರೊಡಗೂಡಿ ನಡೆಸಿದ ಪರೀಕ್ಷೆಗಳು 2012ರಲ್ಲಿ ಪ್ರಕಟವಾದವು. ಮೂರ್ಛೆಯ ಕಾಲದಲ್ಲಿ ಈ ಏರಿಕೆ ಎಷ್ಟು ಹೆಚ್ಚೋ, ಅನಂತರ ಮಿದುಳಿನ ತರಂಗಗಳು ಅಡಗಿರುವ ಅವಧಿಯೂ ಅಷ್ಟು ದೀರ್ಘವೆಂಬುದು ಅವುಗಳಿಂದ ತಿಳಿದುಬಂತು. ಅಪಸ್ಮಾರವುಳ್ಳ ವಯಸ್ಕರಲ್ಲಿ ವರ್ಷಕ್ಕೆ ಸಾವಿರಕ್ಕೊಬ್ಬರಂತೆ ಮೂರ್ಛೆಯ ಬಳಿಕ ಹಠಾತ್ತಾಗಿ, ಬಹುಪಾಲು ಒಂಟಿಯಾಗಿರುವಾಗ, ಪ್ರಾಣಬಿಡುತ್ತಾರೆ. ಪಕ್ಕದ ಕೋಣೆಯ ತಾಯಿಗೆ ಆ ಕ್ಷಣದಲ್ಲಿ ಸುದ್ದಿ ಮುಟ್ಟುವುದಾದರೆ ಅದರ ಬೆಲೆಯೇನೆಂಬುದನ್ನು ನಾವು ವಿವರಿಸಬೇಕಾದುದಿಲ್ಲ. ಈಕೆಯೂ ಸೇರಿ ಸ್ಥಾಪಿಸಿದ ಎಂಪಾಟಿಕಾ ಎಂಬ ಕಂಪೆನಿಯ ‘ಎಂಬ್ರೇಸ್’ ಪಟ್ಟಿಗೆ 2018ರಲ್ಲಿ ವಯಸ್ಕರ ವಿಷಯದಲ್ಲಿಯೂ, 2019ರಲ್ಲಿ ಆರು ವರ್ಷ ಮೇಲ್ಪಟ್ಟ ಮಕ್ಕಳ ವಿಷಯದಲ್ಲಿಯೂ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಸಮ್ಮತಿ ದೊರೆಯಿತು. ಪಟ್ಟಿಯು ಮೂರ್ಛೆಯನ್ನು ತಡೆಯಲಾರದು, ಜನರನ್ನು ಕೂಗಿ ಕರೆಯಬಲ್ಲುದು; ಅಷ್ಟೇ ಸಾಕು.

ಇದೇ ಮರದ ಇನ್ನೊಂದು ಕೊಂಬೆಯ ಫಲವು ಬೇರೆ. 2009ರಲ್ಲಿ ಪಿಕಾರ್ಡ್ ಅವರೂ ಈಜಿಪ್ಟಿನ ರಾನಾ ಎಲ್ ಕಾಲಿಯೂಬಿ ಅವರೂ ಕೂಡಿ ಅಫೆಕ್ಟಿವಾ ಎಂಬ ಕಂಪೆನಿಯನ್ನು ತೆರೆದರು. ಮುಖವನ್ನು ನೋಡಿ ಭಾವವನ್ನು ಊಹಿಸುವ ಅದರ ವಿದ್ಯೆಗೆ ಜಾಹೀರಾತಿನವರು ಮುಖ್ಯ ಗಿರಾಕಿಗಳಾದರು. ಪಿಕಾರ್ಡ್ ಅವರು 2013ರಲ್ಲಿ ಅದನ್ನು ಬಿಟ್ಟರು. 2021ರಲ್ಲಿ ಅದು ಸ್ವೀಡನ್ನಿನ ಸ್ಮಾರ್ಟ್ ಐ ಕಂಪೆನಿಯ ವಶವಾಯಿತು. ಆದರೆ ಮುಖವು ಮನಸ್ಸಿನ ಕನ್ನಡಿಯೆಂಬ ಮಾತೇ ಶಾಸ್ತ್ರದಲ್ಲಿ ನಿಲ್ಲುತ್ತಿಲ್ಲ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಸಾವಿರಕ್ಕೂ ಮೇಲ್ಪಟ್ಟ ಲೇಖನಗಳನ್ನು ಪರಿಶೀಲಿಸಿ, ಹುಬ್ಬುಗಂಟನ್ನು ಕಂಡಮಾತ್ರಕ್ಕೆ ಕೋಪವೆಂದು ನಿರ್ಣಯಿಸಲಾಗದೆಂದು 2019ರಲ್ಲಿ ಬರೆದರು. ಮೈಕ್ರೋಸಾಫ್ಟ್ ಕಂಪೆನಿಯು 2022ರಲ್ಲಿ ತನ್ನ ಇಂತಹ ಸೇವೆಯನ್ನು ಹಿಂತೆಗೆದುಕೊಂಡಿತು. ಬೆವರಿನ ಸಾಕ್ಷ್ಯವೂ ಅಷ್ಟರದೇ. ಉದ್ವೇಗವುಂಟೆಂದು ಅದು ಹೇಳೀತು. ಭಯವೋ ಹರ್ಷವೋ ಎಂದು ಹೇಳಲಾರದು. ಸಾಹೇಬರ ಕೊಠಡಿಗೆ ಕರೆ ಬಂದಾಗ ನಿರಪರಾಧಿ ಗುಮಾಸ್ತನೂ ಬೆವರುತ್ತಾನೆ. ಕಚೇರಿಯಲ್ಲಿ ಕೆಲಸ ಮಾಡಿದ ನಮ್ಮ ವಾಚಕರಿಗೆ ಇದಕ್ಕೆ ಪ್ರಮಾಣ ಬೇಕಿಲ್ಲ.

ನಿರ್ದೋಷಿಗಳಿಗೆ ಅಂಜಿಕೆಯೇಕೆಂದು ಕೆಲವರು ಕೇಳುವರು. ಸುಳ್ಳು ಪತ್ತೆ ಮಾಡುತ್ತದೆನ್ನುವ ಪಾಲಿಗ್ರಾಫ್ ಯಂತ್ರವು ನಾಡಿ, ಉಸಿರುಗಳೊಡನೆ ಈ ಚರ್ಮದ ಬೆವರನ್ನೇ ಅಳೆಯುವುದು. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಣ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಮನುಷ್ಯನ ಒಪ್ಪಿಗೆಯಿಲ್ಲದೆ ಅಂತಹ ಪರೀಕ್ಷೆಗೆ ಅವನನ್ನು ಗುರಿಮಾಡಕೂಡದೆಂದು ತೀರ್ಪಿತ್ತಿತು. ಕೊಲೆಯ ಆಪಾದನೆಯನ್ನು ಹೊತ್ತವನಿಗೆ ಇರುವ ಈ ರಕ್ಷಣೆಯು ದಿನಗೂಲಿಯವನಿಗೂ ಶಾಲೆಯ ಹುಡುಗನಿಗೂ ಬೇಡವೇ?

ಯೂರೋಪಿನ ಒಕ್ಕೂಟವು 2024ರ ತನ್ನ ಕಾನೂನಿನಲ್ಲಿ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ಕೆಲಸದ ಸ್ಥಳದಲ್ಲಿಯೂ ವಿದ್ಯಾಶಾಲೆಯಲ್ಲಿಯೂ ಯಂತ್ರದಿಂದ ಭಾವವನ್ನು ಊಹಿಸುವುದನ್ನು ನಿಷೇಧಿಸಿದೆ. ಈ ನಿಷೇಧವು 2025ರ ಫೆಬ್ರವರಿ 2ರಿಂದ ಅನ್ವಯವಾಯಿತು. ನಮ್ಮ ಪಾರ್ಲಿಮೆಂಟು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಶಾಸನವಾದರೋ ದೇಹದ ಗುಟ್ಟನ್ನೂ ಟೆಲಿಫೋನ್ ನಂಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅಲ್ಲದೆ ಅದರ 7ನೆಯ ಪ್ರಕರಣವು ಉದ್ಯೋಗದ ಉದ್ದೇಶಗಳಿಗಾಗಿ ಒಪ್ಪಿಗೆಯನ್ನು ಕೇಳದೆಯೇ ದತ್ತಾಂಶವನ್ನು ಬಳಸಲು ಎಡೆಗೊಡುತ್ತದೆ. ಧಣಿಯು ಪಟ್ಟಿ ಕಟ್ಟಿಕೊಳ್ಳೆಂದರೆ ಆಳು ಒಲ್ಲೆನೆನ್ನುವುದು ಎಷ್ಟು ಸಾಧ್ಯವೆಂಬುದನ್ನು ಶಾಸನಕರ್ತರು ಯೋಚಿಸಿದಂತೆ ಕಾಣುವುದಿಲ್ಲ.

ಮಾತು ಬಾರದ ಹುಡುಗನ ಮಣಿಕಟ್ಟಿಗೆ ಅವನ ಅಣ್ಣನು ಕಟ್ಟಿದ ಪಟ್ಟಿಗೂ ಮೇಸ್ತ್ರಿಯು ಕೂಲಿಯಾಳಿಗೆ ಕಟ್ಟುವ ಪಟ್ಟಿಗೂ ಯಂತ್ರದಲ್ಲಿ ಭೇದವಿಲ್ಲ. ಭೇದವನ್ನು ಮಾಡಬೇಕಾದುದು ಕಾನೂನು. ಚಿಕಿತ್ಸೆಗೂ ಪ್ರಾಣರಕ್ಷಣೆಗೂ ಹೊರತು ಯಾವ ಧಣಿಯಾಗಲಿ ಉಪಾಧ್ಯಾಯನಾಗಲಿ ಇನ್ನೊಬ್ಬರ ಶರೀರದಿಂದ ಭಾವವನ್ನು ಅಳೆಯಕೂಡದೆಂಬ ಎರಡು ಸಾಲುಗಳನ್ನು ಆ 7ನೆಯ ಪ್ರಕರಣಕ್ಕೆ ಸೇರಿಸಲು ಸರ್ಕಾರದವರಿಗೆ ಇರತಕ್ಕ ಅಡ್ಡಿಯಾದರೂ ಏನು?