ಅರ್ಧವಿರಾಮ ಎಲ್ಲಿ ಹೋಯಿತು?

ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ರಾತ್ರಿ ಒಂಬತ್ತೂವರೆಯ ಸಮಯ. ಮನೆಮಂದಿಯ ಊಟ ಮುಗಿದಿದೆ. ಮಗಳು ಮಾತ್ರ ನಡುಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು, ಯಾರಿಗೂ ಕಾಣದಂತೆ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಗಣಿತದಲ್ಲಿ ಶಾಲೆಗೇ ಮೊದಲಿಗಳೆನಿಸಿ, ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ವಿಭಾಗವನ್ನು ತಾನಾಗಿಯೇ ಆರಿಸಿಕೊಂಡವಳು. ಬೆಳಗಾದರೆ ಪ್ರಯೋಗಾಲಯದ ಪರೀಕ್ಷೆ. ಹಿಂದೊಮ್ಮೆ ಅದರಲ್ಲಿ ನಪಾಸಾಗಿದೆ. ಈ ಸಲವೂ ಹಾಗೇ ಆದರೆ ಓದು ಬಿಟ್ಟು ಮನೆಯಲ್ಲಿರುವುದಾಗಿ ಸಂಜೆ ತಾಯಿಯೊಡನೆ ಹೇಳಿದ್ದಳು. ತಾಯಿ ಮರುಮಾತಾಡದೆ ಎದ್ದುಹೋಗಿ ತಮ್ಮನಿಗೆ ಫೋನು ಮಾಡಿದರು.

ಸೋದರಮಾವ ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಪ್ರೋಗ್ರಾಂ ಬರೆದು ಅನ್ನ ಸಂಪಾದಿಸಿದವರು. ಕೊನೆಯ ಬಸ್ಸಿಗೆ ಬಂದಿಳಿದರು. ಕೈಕಾಲು ತೊಳೆದು ಸೊಸೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತರು.

“ಏನಮ್ಮ, ಏನು ಹೇಳುತ್ತಿದೆ ನಿನ್ನ ಯಂತ್ರ?”

“ಫೇಟಲ್ ಎರರ್ ಎನ್ನುತ್ತಿದೆ, ಮಾವ. ಅಂದರೆ ಪ್ರಾಣಾಂತಿಕ ದೋಷ. ಇನ್ನೇನು ಉಳಿಯಿತು?”

ಮಾವನಿಗೆ ನಗು ಬಂತು, ನಗಲಿಲ್ಲ. ಅವಳು ನಕ್ಕುಬಿಡುವ ಸ್ಥಿತಿಯಲ್ಲಿರಲಿಲ್ಲ. ಆ ಪದದ ಅರ್ಥವನ್ನು ನಿಘಂಟಿನಲ್ಲಿ ನೋಡಿ ಹೆದರಿದ್ದಳು, ಪಾಪ. ಕಂಪೈಲರಿನ ಮಾತಿನಲ್ಲಿ ಅದಕ್ಕಿರುವ ಅರ್ಥ ಬಹಳ ಸಾಧಾರಣವಾದದ್ದು: ‘ಇಲ್ಲಿಂದ ಮುಂದೆ ನಾನು ಓದಲಾರೆ’ ಎಂದಷ್ಟೆ.

ಈ ಕಂಪೈಲರ್ ಎಂಬುದು ಏನೆಂದು ಇಲ್ಲಿ ಒಂದೆರಡು ಮಾತು ಹೇಳಬೇಕು. ಗಣಕಯಂತ್ರಕ್ಕೆ ಸ್ವಂತವಾಗಿ ತಿಳಿದಿರುವುದು ಅಂಕೆಗಳಲ್ಲಿ ಬರೆದ ಆಜ್ಞೆಗಳು ಮಾತ್ರ. ಮನುಷ್ಯನಿಗೆ ಅವುಗಳಲ್ಲಿ ಬರೆಯುವುದು ಘೋರ ಶಿಕ್ಷೆ. ಮನುಷ್ಯನಿಗೆ ಹತ್ತಿರವಾದ ಭಾಷೆಯಲ್ಲಿ ಬರೆದುದನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುವ ದುಭಾಷಿಯೇ ಕಂಪೈಲರ್. ಅಮೆರಿಕದ ಗ್ರೇಸ್ ಹಾಪರ್ ಎಂಬ ವಿದುಷಿ 1952ರಲ್ಲಿ ಈ ದಿಕ್ಕಿನ ಮೊದಲ ಹೆಜ್ಜೆಗಳಲ್ಲೊಂದನ್ನು ಇಟ್ಟರು. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಐಬಿಎಂ ಸಂಸ್ಥೆಯಲ್ಲಿ ಫೋರ್ಟ್ರಾನ್ ಭಾಷೆಯ ಕಂಪೈಲರನ್ನು ಹೊರತಂದರು. ಹುಡುಗಿ ಬರೆಯುತ್ತಿದ್ದುದು ಸಿ ಭಾಷೆಯಲ್ಲಿ. ಅದು 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರ ಕೈಯಲ್ಲಿ ರೂಪುಗೊಂಡದ್ದು.

“ಅದು ಹೇಳಿದ್ದನ್ನು ಗಟ್ಟಿಯಾಗಿ ಓದು,” ಎಂದರು ಮಾವ. “ಕೊನೆಯ ಸಾಲನ್ನಲ್ಲ, ಮೊದಲನೆಯದನ್ನು.”

ಅವಳು ಓದಿದಳು. 1ನೆಯ ಸಾಲು, ‘ಸ್ಟುಡಿಯೋ.ಎಚ್’ ಎಂಬ ಕಡತ ಇಲ್ಲ.

“ನೀನು ಯಾವ ಕಡತ ಬೇಕೆಂದು ಕೇಳಬೇಕಾಗಿತ್ತು?”

ಹುಡುಗಿ ಪುಸ್ತಕ ತೆರೆದು ಅಕ್ಷರ ಅಕ್ಷರವಾಗಿ ನೋಡಿದಳು. ಎಸ್, ಟಿ, ಡಿ, ಐ, ಓ. ನಡುವೆ ‘ಯು’ ಇಲ್ಲ. ಅದು ‘ಸ್ಟ್ಯಾಂಡರ್ಡ್ ಇನ್‌ಪುಟ್ ಔಟ್‌ಪುಟ್’ ಎಂಬುದರ ಸಂಕ್ಷೇಪ. ಯಾರೂ ಅದನ್ನು ಬಿಡಿಸಿ ಹೇಳದಿದ್ದುದರಿಂದ ಫೋಟೋ ತೆಗೆಯುವ ಸ್ಟುಡಿಯೋ ಎಂದೇ ಅವಳು ತಿಳಿದಿದ್ದಳು. ಈ ತಪ್ಪು ಅವಳೊಬ್ಬಳದಲ್ಲ. ಸಿ ಕಲಿಸುವ ಉಪಾಧ್ಯಾಯರಿಗೆ ಇದು ಚಿರಪರಿಚಿತ. ಸಂಕ್ಷೇಪಗಳನ್ನು ಬಿಡಿಸಿ ಹೇಳದೆ ಬಾಯಿಪಾಠ ಮಾಡಿಸುವ ಪದ್ಧತಿಗೆ ಇದಕ್ಕಿಂತ ಬೇರೆ ಫಲ ಬರುವುದೂ ಇಲ್ಲ.

ಒಂದಕ್ಷರ ಅಳಿಸಿ ಮತ್ತೆ ಕಂಪೈಲ್ ಮಾಡಿದಳು. ಪರದೆಯ ತುಂಬ ದೂರುಗಳ ಮಳೆ! ಹುಡುಗಿಯ ಮುಖ ಬಾಡಿತು.

“ನೋಡಿ ಮಾವ! ಒಂದೇ ತಪ್ಪಿತ್ತು, ಸರಿಮಾಡಿದ್ದಕ್ಕೆ ಹದಿನೈದಾಯಿತು. ನನ್ನ ಕೈಗುಣವೇ ಹೀಗೆ.”

“ಕೈಗುಣ ಚೆನ್ನಾಗಿಯೇ ಇದೆ ಕಣಮ್ಮ. ಅದು ಇಷ್ಟು ಹೊತ್ತು ಹೊಸ್ತಿಲಲ್ಲೇ ನಿಂತಿತ್ತು. ಈಗ ಒಳಗೆ ಬಂದು ಮನೆಯನ್ನೆಲ್ಲ ನೋಡುತ್ತಿದೆ.”

ಕಲಿಯುವವರ ಎದೆಗುಂದಿಸುವ ಘಳಿಗೆ ಇದು. ಎಷ್ಟೋ ಮಂದಿ ಇಲ್ಲಿಯೇ ಲ್ಯಾಪ್‌ಟಾಪು ಮುಚ್ಚಿಬಿಡುತ್ತಾರೆ. ಆದರೆ ಕಂಪೈಲರಿನ ದೂರುಗಳ ಸಂಖ್ಯೆಗೂ ಪ್ರೋಗ್ರಾಮಿನಲ್ಲಿರುವ ತಪ್ಪುಗಳ ಸಂಖ್ಯೆಗೂ ನೇರವಾದ ಸಂಬಂಧವಿಲ್ಲ. ಒಂದು ಕಡೆ ದಾರಿ ತಪ್ಪಿದ ಕಂಪೈಲರ್ ಮುಂದೆ ಸಿಕ್ಕಿದ ನಿರಪರಾಧಿ ಪದಗಳ ಮೇಲೂ ದೂರು ಹೊರಿಸುತ್ತ ಹೋಗುತ್ತದೆ. ಆದ್ದರಿಂದಲೇ ಅನುಭವಿಗಳು ಮೊದಲ ದೂರನ್ನಷ್ಟೇ ನೋಡಿ, ಅದನ್ನು ತಿದ್ದಿ, ಮತ್ತೆ ಕಂಪೈಲ್ ಮಾಡುತ್ತಾರೆ. ಹದಿನೈದನ್ನೂ ಒಟ್ಟಿಗೆ ತಿದ್ದಲು ಹೊರಟವರು ಸರಿಯಿದ್ದುದನ್ನೂ ಕೆಡಿಸಿಕೊಳ್ಳುತ್ತಾರೆ.

ಮೊದಲ ದೂರು 5ನೆಯ ಸಾಲಿನದು: ‘ಫಾರ್ ಎಂಬ ಪದಕ್ಕೆ ಮುಂಚೆ ಅಲ್ಪವಿರಾಮವನ್ನೋ ಅರ್ಧವಿರಾಮವನ್ನೋ ನಿರೀಕ್ಷಿಸಿದ್ದೆ.’ ಹುಡುಗಿ 5ನೆಯ ಸಾಲನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓದಿದಳು. ಅಲ್ಲಿ ಯಾವ ಕುಂದೂ ಇರಲಿಲ್ಲ. ಮಾವ ಕೈಕಟ್ಟಿ ಕುಳಿತಿದ್ದರು. ಕೀಲಿಮಣೆಯನ್ನು ಮುಟ್ಟಲೇ ಇಲ್ಲ. ಮುಟ್ಟಿದ್ದರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಮರುದಿನದ ಪರೀಕ್ಷೆಗೆ ಅವರೇ ಹೋಗಬೇಕಾಗುತ್ತಿತ್ತು.

“‘ಮುಂಚೆ’ ಎಂದಿದೆಯಲ್ಲ, ಮಾವ?” ಎಂದಳು ಕೊನೆಗೆ. “ಫಾರ್‌ಗೆ ಮುಂಚೆ ಇರುವುದು 4ನೆಯ ಸಾಲು.”

4ನೆಯ ಸಾಲಿನ ತುದಿಯಲ್ಲಿ ಅರ್ಧವಿರಾಮವಿರಲಿಲ್ಲ.

ತಪ್ಪು ಒಂದು ಸಾಲಿನಲ್ಲಿದ್ದರೆ ದೂರು ಇನ್ನೊಂದರ ಮೇಲೇಕೆ? ಹಿಂದಿನ ತಾಳೆಗರಿಯ ಓಲೆಗಳನ್ನು ನೋಡಿದವರಿಗೆ ಇದು ಬೇಗ ಹೊಳೆದೀತು. ಅಲ್ಲಿ ಪದ ಪದಗಳ ನಡುವೆ ತೆರವಿಲ್ಲ. ಗರಿಯ ಅಂಚು ಬಂದಲ್ಲಿ ಸಾಲು ಮುರಿಯುತ್ತದೆ, ಮಾತು ಮುರಿಯುವುದಿಲ್ಲ. ಸಿ ಭಾಷೆಯಲ್ಲಿಯೂ ಸಾಲು ಮುಗಿದ ಮಾತ್ರಕ್ಕೆ ವಾಕ್ಯ ಮುಗಿಯದು. ಅರ್ಧವಿರಾಮ ಬಂದರೆ ಮಾತ್ರ ಮುಗಿಯುತ್ತದೆ. 4ನೆಯ ಸಾಲಿನ ಕೊನೆಗೆ ಬಂದ ಕಂಪೈಲರಿಗೆ ಇನ್ನೂ ಏನೋ ಬರಲಿದೆಯೆಂಬ ನಂಬಿಕೆ. ಕೆಳಗಿನ ಸಾಲಿಗಿಳಿದು ‘ಫಾರ್’ ಎಂಬುದನ್ನು ಕಂಡ ಕ್ಷಣ ಅದಕ್ಕೆ ಎಡವಟ್ಟು ಅರಿವಾಯಿತು. ಎಡವಿದ ಜಾಗವನ್ನು ಅದು ಹೇಳುತ್ತದೆ. ಕಲ್ಲು ಸಾಮಾನ್ಯವಾಗಿ ಅದರ ಹಿಂದೆಯೇ ಇರುತ್ತದೆ. ಮುಚ್ಚದೆ ಬಿಟ್ಟ ಪುಷ್ಪಾವರಣವಂತೂ ಇನ್ನೂ ಮೋಸ: ಹತ್ತನೆಯ ಸಾಲಿನಲ್ಲಿ ತೆರೆದು ಮರೆತದ್ದಕ್ಕೆ ದೂರು ಬರುವುದು ಪ್ರೋಗ್ರಾಮಿನ ಕಟ್ಟಕಡೆಯ ಸಾಲಿನಲ್ಲಿ. ಆವರಣವನ್ನು ತೆರೆದ ಕೂಡಲೇ ಮುಚ್ಚುವುದನ್ನೂ ಬರೆದಿಟ್ಟು, ಆಮೇಲೆ ನಡುವೆ ತುಂಬುವ ಅಭ್ಯಾಸ ಇದಕ್ಕೆ ಒಳ್ಳೆಯ ಮದ್ದು.

ಓಲೆ ಓದುವ ಪಂಡಿತರು ಅರ್ಥ ನೋಡಿ ಪದ ಬಿಡಿಸುತ್ತಿದ್ದರು. ಯಂತ್ರಕ್ಕೆ ಆ ವಿವೇಕವನ್ನು ಕೊಡುವ ಪ್ರಯತ್ನ ನಡೆಯದೆ ಇಲ್ಲ. 1970ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಿಗಾಗಿ ರಚಿಸಿದ ಪಿಎಲ್/ಸಿ ಎಂಬ ಕಂಪೈಲರ್, ತಪ್ಪು ಕಂಡಲ್ಲಿ ತಾನೇ ಊಹಿಸಿ ತಿದ್ದಿ ಮುಂದುವರಿಯುತ್ತಿತ್ತು. ಅದಕ್ಕೊಂದು ಬಲವಾದ ಕಾರಣವಿತ್ತು. ಆಗ ಪ್ರೋಗ್ರಾಂ ಎಂದರೆ ರಂಧ್ರ ಕೊರೆದ ಕಾರ್ಡುಗಳ ಕಟ್ಟು. ಕಟ್ಟನ್ನು ಗಣಕ ಕೇಂದ್ರದ ಕಿಟಕಿಯಲ್ಲಿ ಕೊಟ್ಟು, ತಮ್ಮ ಸರದಿ ಬರುವವರೆಗೆ ಗಂಟೆಗಟ್ಟಲೆ, ಕೆಲವು ಸಲ ಮರುದಿನದವರೆಗೆ ಕಾಯಬೇಕು. ಕಾಯ್ದು ಪಡೆದ ಕಾಗದದಲ್ಲಿ ‘ಅಲ್ಪವಿರಾಮವಿಲ್ಲ’ ಎಂಬ ಒಂದೇ ಸಾಲು! ನಮ್ಮ ದೇಶದಲ್ಲಿ 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಯಂತ್ರ ಬಂದ ಮೇಲೆ ಪ್ರೋಗ್ರಾಂ ಕಲಿತ ಪೀಳಿಗೆ ಕಾರ್ಡುಗಳ ಈ ತಾಳ್ಮೆಯನ್ನು ಬಲ್ಲದು. ಅಲ್ಲಿ ಬಹುಕಾಲ ಪಾಠ ಹೇಳಿದ ಪ್ರೊಫೆಸರ್ ವಿ. ರಾಜಾರಾಮನ್ ಅವರು 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಪಠ್ಯಪುಸ್ತಕಗಳಿಂದ ಕಲಿತವರು ಕರ್ನಾಟಕದಲ್ಲಿಯೂ ಅಸಂಖ್ಯರು. ಕಾರ್ಡು ಕೊಡುವ ಮುನ್ನ ಪ್ರತಿ ಸಾಲನ್ನೂ ಬೆರಳಿಟ್ಟು ಓದಿಕೊಳ್ಳುವುದು ಆ ಕಾಲದ ಶಿಸ್ತು. ಈಗ ಗುಂಡಿಯೊತ್ತಿದರೆ ಉತ್ತರ; ಬೆರಳಿಟ್ಟು ಓದುವವರು ಕಡಿಮೆ.

ಅರ್ಧವಿರಾಮ ಹಾಕಿದೊಡನೆ 5ನೆಯ ಸಾಲಿನ ದೂರುಗಳೆಲ್ಲ ಒಮ್ಮೆಗೇ ಮಾಯವಾದವು. ಹುಡುಗಿಯ ಕಣ್ಣರಳಿತು. ಮುಂದಿನದನ್ನು ಹೇಳಿಸಿಕೊಳ್ಳದೆ ಓದಿದಳು: 8ನೆಯ ಸಾಲು, ‘ಟೊಟೆಲ್’ ಎಂಬ ಹೆಸರನ್ನು ಘೋಷಿಸಿಲ್ಲ. ಮೇಲೆ ‘ಟೋಟಲ್’ ಎಂದು ಬರೆದು ಕೆಳಗೆ ‘ಎ’ ಇರುವಲ್ಲಿ ‘ಇ’ ಬರೆದಿದ್ದಳು. ನಕ್ಕು ತಿದ್ದಿದಳು.

ಉಳಿದದ್ದು 10ನೆಯ ಸಾಲು, ಸರಾಸರಿಯನ್ನು ಅಚ್ಚುಮಾಡುವ ಆಜ್ಞೆ. ಇಲ್ಲಿ ಕಂಪೈಲರ್ ‘ಸ್ಟ್ರೇ 342’, ‘ಸ್ಟ್ರೇ 200’, ‘ಸ್ಟ್ರೇ 234’ ಎಂದು ಮಂತ್ರದಂತೆ ಏನೇನೋ ಉಚ್ಚರಿಸುತ್ತಿತ್ತು. ‘ಆವರೇಜ್’ ಎಂಬ ಪದ ತನಗೆ ಗೊತ್ತಿಲ್ಲವೆಂಬ ಆಕ್ಷೇಪ ಬೇರೆ. ಹುಡುಗಿ ಪುಸ್ತಕದೊಡನೆ ಹೋಲಿಸಿದಳು. ಒಂದಕ್ಷರವೂ ವ್ಯತ್ಯಾಸವಿಲ್ಲ.

“ಈ ಸಾಲನ್ನು ನೀನೇ ಬರೆದೆಯಾ ಅಮ್ಮ?”

“ಇಲ್ಲ ಮಾವ. ಗೆಳತಿ ಕಳುಹಿಸಿದ ಟಿಪ್ಪಣಿಯಿಂದ ನಕಲು ತೆಗೆದು ಹಾಕಿದೆ.”

ಅಲ್ಲಿತ್ತು ಗುಟ್ಟು. ಪತ್ರ ಬರೆಯುವ ತಂತ್ರಾಂಶಗಳು ಉದ್ಧರಣ ಚಿಹ್ನೆಯನ್ನು ಅಂದಕ್ಕಾಗಿ ತಾವೇ ಬಾಗಿಸುತ್ತವೆ. ಕಣ್ಣಿಗೆ ಎರಡೂ ಒಂದೇ. ಕಂಪೈಲರಿಗೆ ನೆಟ್ಟಗಿನ ಚಿಹ್ನೆ ಮಾತ್ರ ಉದ್ಧರಣ, ಬಾಗಿದ್ದು ಅಪರಿಚಿತ ಪ್ರಾಣಿ. ಒಂದು ಬಾಗಿದ ಚಿಹ್ನೆ ಗಣಕದ ಸ್ಮೃತಿಯಲ್ಲಿ ಮೂರು ಬೈಟುಗಳಾಗಿ ಕುಳಿತಿರುತ್ತದೆ. ಹಳೆಯ ಕಂಪೈಲರುಗಳು ಒಂದೊಂದು ಬೈಟಿಗೂ ಪ್ರತ್ಯೇಕ ದೂರು ಕೊಡುವುದರಿಂದ ಎರಡು ಚಿಹ್ನೆಗೆ ಆರು ದೂರು. ಎರಡನ್ನೂ ಅಳಿಸಿ ಕೈಯಿಂದ ಟೈಪು ಮಾಡಿದಳು. ಕಂಪೈಲ್ ಮಾಡಿದಳು.

ಏನೂ ಬರಲಿಲ್ಲ.

“ಮತ್ತೆ ಏನಾಯಿತು, ಮಾವ? ಏನೂ ಹೇಳುತ್ತಿಲ್ಲ!”

“ಹೇಳುವುದಕ್ಕೆ ಏನೂ ಇಲ್ಲ ಕೂಸೇ. ಒಪ್ಪಿಕೊಂಡಿದೆ.”

ಒಳಗಿನಿಂದ ತಾಯಿ ಕಾಫಿ ತಂದಿಟ್ಟು, ಮಗಳ ಮುಖ ನೋಡಿ, ಏನೂ ಕೇಳದೆ ಹೊರಟುಹೋದರು.

ಕಂಪೈಲರಿನ ಒಪ್ಪಿಗೆ ಎಷ್ಟರಮಟ್ಟಿನದೆಂಬುದನ್ನೂ ಮಾವ ಅಂದೇ ತೋರಿಸಿಕೊಟ್ಟರು. ಅದು ವ್ಯಾಕರಣ ಬಲ್ಲ ದುಭಾಷಿಯೇ ಹೊರತು ಬರೆದವನ ಮನಸ್ಸು ಬಲ್ಲದ್ದಲ್ಲ. ಸಿ ಭಾಷೆಯಲ್ಲಿ ಒಂದು ಸಮಚಿಹ್ನೆಗೆ ‘ತುಂಬು’ ಎಂದರ್ಥ, ಎರಡಕ್ಕೆ ‘ಸಮವೇ?’ ಎಂದರ್ಥ. ಎರಡು ಬೇಕಾದಲ್ಲಿ ಒಂದು ಹಾಕಿದರೂ ವ್ಯಾಕರಣ ಶುದ್ಧ. ಉತ್ತರ ಮಾತ್ರ ಅಶುದ್ಧ. ಹಳೆಯ ಫೋರ್ಟ್ರಾನಿನ ಕಥೆ ಇನ್ನೂ ಸ್ವಾರಸ್ಯದ್ದು. ಅದು ತೆರವುಗಳನ್ನು ಲೆಕ್ಕಿಸುತ್ತಿರಲಿಲ್ಲ. ‘ಡೂ 10 ಐ = 1,10’ ಎಂದರೆ ಒಂದರಿಂದ ಹತ್ತರವರೆಗೆ ಪುನರಾವರ್ತನೆ; ಅಲ್ಪವಿರಾಮದ ಜಾಗದಲ್ಲಿ ಚುಕ್ಕೆ ಬಿದ್ದರೆ ‘ಡೂ10ಐ’ ಎಂಬ ಹೆಸರಿನ ಹೊಸ ಚರಕ್ಕೆ 1.10 ಎಂಬ ಬೆಲೆ! ಕಂಪೈಲರ್ ತುಟಿ ಪಿಟಕ್ಕೆನ್ನದು. ಇಂಥ ಅನುಮಾನದ ಜಾಗಗಳಲ್ಲಿ ಎಚ್ಚರಿಸಬೇಕೆಂದು ಈಗಿನ ಕಂಪೈಲರುಗಳಿಗೆ ಹೇಳಿಡಬಹುದು. ಜಿಸಿಸಿ ಎಂಬ ಬಹುಬಳಕೆಯ ಕಂಪೈಲರಿನಲ್ಲಿ ಅದಕ್ಕೆ ‘ಡಬ್ಲ್ಯು-ಆಲ್’ ಎಂಬ ಸೂಚನೆಯಿದೆ. ಹೊಸಬರಿಗೆ ಅದನ್ನು ಮೊದಲ ದಿನವೇ ಏಕೆ ಹೇಳಿಕೊಡುವುದಿಲ್ಲವೋ!

ಹುಡುಗಿ ಆ ಸೂಚನೆಯನ್ನು ಸೇರಿಸಿ, ಪ್ರೋಗ್ರಾಮನ್ನು ಓಡಿಸಿ, ಐದು ವಿಷಯಗಳ ಅಂಕಗಳನ್ನು ಕೊಟ್ಟಳು: 81, 67, 74, 90, 60. ಉತ್ತರ 74 ಎಂದು ಬಂತು. ಬೆರಳಿನಲ್ಲಿ ಲೆಕ್ಕ ಹಾಕಿ ತಲೆಯಲ್ಲಾಡಿಸಿದಳು. ಮೊತ್ತ 372, ಐದರಿಂದ ಭಾಗಿಸಿದರೆ 74.4. ಆ ನಾಲ್ಕು ದಶಾಂಶ ಎಲ್ಲಿ ಹೋಯಿತು? ಮಾವನನ್ನು ಕೇಳೋಣವೆಂದು ತಿರುಗಿದಳು. ಅವರು ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು.

ಪುಸ್ತಕ ತಿರುವಿದಳು. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉಳಿದ ಭಿನ್ನವನ್ನು ಸಿ ಭಾಷೆ ಎಸೆದುಬಿಡುವುದೆಂದು ಒಂದು ಮೂಲೆಯಲ್ಲಿ ಸಿಕ್ಕಿತು. 5 ಎಂಬಲ್ಲಿ 5.0 ಎಂದು ಬರೆದಳು. ಕಂಪೈಲರ್ ಮತ್ತೆ ಬಾಯ್ತೆರೆಯಿತು. ಈ ಸಲ ತಪ್ಪಲ್ಲ, ಎಚ್ಚರಿಕೆ. 10ನೆಯ ಸಾಲು: ‘ಶೇಕಡಾ-ಡಿ ಎಂಬುದು ಪೂರ್ಣಾಂಕವನ್ನು ನಿರೀಕ್ಷಿಸುತ್ತದೆ, ಕೊಟ್ಟಿರುವುದು ದಶಾಂಶ ಸಂಖ್ಯೆ.’ ಅವಳು ಅದನ್ನು ಎರಡು ಸಲ ಮೆಲ್ಲಗೆ, ಮಾವನಿಗೆ ಎಚ್ಚರವಾಗದಂತೆ ಓದಿಕೊಂಡಳು. ‘ಡಿ’ ಅಳಿಸಿ ‘ಎಫ್’ ಬರೆದಳು.

ಪರದೆಯ ಮೇಲೆ 74.400000 ಎಂದು ಮೂಡಿತು. ದೀಪ ಆರಿಸುವ ಮುನ್ನ ಅವಳು 4ನೆಯ ಸಾಲಿನ ಅರ್ಧವಿರಾಮವನ್ನು ಅಳಿಸಿ, ಬರುವ ದೂರುಗಳನ್ನು ಓದಿ, ಮತ್ತೆ ಹಾಕಿದಳು. ಆಮೇಲೆ ಇನ್ನೊಂದು ಕಡೆ ಒಂದು ಆವರಣವನ್ನು ಅಳಿಸಿದಳು.