ಕೈ ಕೆಸರಾದರೆ ತಪ್ಪೇನು?



ಉಮ್ ಅಲ್ ಹಸ್ಸಮ್‌ನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಎರಡೇ ಆಸನದ ಹಳೆಯ ಜಪಾನೀ ಸ್ಪೋರ್ಟ್ಸ್ ಕಾರೊಂದು ಧೂಳು ಹೊದ್ದು ನಿಂತಿರುವುದನ್ನು ಆ ಭಾಗದಲ್ಲಿ ವಾಸವಾಗಿರುವ ನಮ್ಮ ಸದಸ್ಯರೆಲ್ಲ ಬಲ್ಲರು. ಎಂಜಿನ್ ಸೀಜ್ ಆಗಿದೆ, ಬಾಡಿ ಇನ್ನೂ ಗಟ್ಟಿಯಾಗಿದೆ. ಆ ಪೆಟ್ರೋಲ್ ಎಂಜಿನ್ ಇಳಿಸಿ, ಅದರ ಜಾಗದಲ್ಲಿ ವಿದ್ಯುತ್ ಮೋಟಾರು, ಬ್ಯಾಟರಿ ಕೂರಿಸಿ ಓಡಿಸುವ ಯೋಜನೆಯೊಂದನ್ನು ನಮ್ಮ ಸಂಘದ ಆರೇಳು ಮಕ್ಕಳು ಸಮಿತಿಗೆ ಬರೆದು ಕೊಟ್ಟಿದ್ದಾರೆ. ಅವರಲ್ಲಿ ಇಬ್ಬರು ಹುಡುಗಿಯರು. ಕಾರಿನ ಮಾಲೀಕರು ಒಪ್ಪಿದ್ದಾರೆ. ಸಂಘದಿಂದ ಕೇಳಿದ್ದು ಎರಡೇ: ಶುಕ್ರವಾರ ಸಂಜೆ ಕೂರಲು ಒಂದು ಕೋಣೆ, ದಾರಿ ತೋರಿಸಲು ಇಬ್ಬರು ಹಿರಿಯ ಎಂಜಿನಿಯರುಗಳು.

ಕಳೆದ ಸಭೆಯಲ್ಲಿ ಇದಕ್ಕೆ ಸಿಕ್ಕಿದ್ದು ನಗು. "ಮೆಕ್ಯಾನಿಕ್ ಆಗಲಿ ಅಂತಲಾ ಇಷ್ಟು ಫೀಸು ಕಟ್ಟಿ ಓದಿಸಿದ್ದು?" ಎಂದರು ಒಬ್ಬರು. ವಿಷಯ ಮುಂದಿನ ಸಭೆಗೆ ಹೋಯಿತು. ಮುಂದಿನ ಸಭೆಗೆ ಹೋಗುವುದೆಂದರೆ ಏನೆಂದು ಸಂಘ ಸಂಸ್ಥೆಗಳಲ್ಲಿ ಪಳಗಿದವರಿಗೆ ಹೇಳಬೇಕಾಗಿಲ್ಲ. ಬರುವ ವರ್ಷ ಈ ಮಕ್ಕಳಲ್ಲಿ ಅರ್ಧ ಜನ ಮಂಗಳೂರು, ಮಣಿಪಾಲ, ಬೆಂಗಳೂರಿನ ಕಾಲೇಜುಗಳಿಗೆ ಹೊರಟುಹೋಗುತ್ತಾರೆ. ಆದ್ದರಿಂದ ಈಗಲೇ ಹೇಳಬೇಕಾದದ್ದನ್ನು ಈಗಲೇ ಹೇಳುತ್ತಿದ್ದೇವೆ: ಸಂಘ ಈ ಯೋಜನೆಗೆ ಒಪ್ಪಿಗೆ ಕೊಡಬೇಕು.

"ಡಾಕ್ಟ್ರೇ, ನಿಮಗೇಕೆ ಈ ಉಸಾಬರಿ?" ಎಂದು ಕೇಳುವವರು ಇದ್ದೇ ಇದ್ದಾರೆ. ಸ್ವಲ್ಪ ತಾಳಿ, ಅಲ್ಲಿಗೂ ಬರುತ್ತೇವೆ. ಮೊದಲು ಆಕ್ಷೇಪಣೆಗಳನ್ನು ಒಂದೊಂದಾಗಿ ನೋಡೋಣ.

ಎಣ್ಣೆಯ ನಾಡಿನಲ್ಲಿ ವಿದ್ಯುತ್ ಕಾರು ಯಾಕೆ ಎಂಬುದು ಮೊದಲನೆಯದು. ನಿಜ, ಕೊಲ್ಲಿಯ ಅರಬ್ ತೀರದಲ್ಲಿ ಮೊದಲು ಎಣ್ಣೆ ಚಿಮ್ಮಿದ್ದು ಇದೇ ಬಹರೈನಿನ ಜಬಲ್ ದುಖಾನ್‌ನಲ್ಲಿ, 1932ರಲ್ಲಿ. ಆದರೆ 2060ರ ಹೊತ್ತಿಗೆ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುತ್ತೇವೆಂದು 2021ರಲ್ಲಿ ಸಾರಿದ್ದೂ ಇದೇ ದೇಶ. ಎಣ್ಣೆಯ ಮನೆಯವರೇ ಮುಂದಿನ ದಾರಿ ಯೋಚಿಸುತ್ತಿರುವಾಗ, ಬಾಡಿಗೆಗೆ ಬಂದ ನಾವು ಎಣ್ಣೆಗೆ ಅವರಿಗಿಂತ ಹೆಚ್ಚು ನಿಷ್ಠೆ ತೋರಿಸಬೇಕೆ? ಅಗ್ಗದ ಪೆಟ್ರೋಲಿನ ಮಾತೂ ಅಷ್ಟೇ. ಲೀಟರಿಗೆ 100 ಫಿಲ್ಸ್ ಇದ್ದ ಮುಮ್ತಾಜ್ 2016ರಲ್ಲಿ 160, 2018ರಲ್ಲಿ 200 ಆದದ್ದನ್ನು ಇಲ್ಲಿದ್ದವರು ಮರೆತಿಲ್ಲ. ಹಾಗೆಂದು ಈ ಕೆಲಸದಿಂದ ದುಡ್ಡು ಉಳಿಯುತ್ತದೆಂದು ನಾವು ಹೇಳುವುದಿಲ್ಲ. ಬ್ಯಾಟರಿ, ಮೋಟಾರಿನ ಖರ್ಚು ಪೆಟ್ರೋಲಿನ ಉಳಿತಾಯದಿಂದ ಹುಟ್ಟುವುದು ಕಷ್ಟ. ಲೆಕ್ಕವನ್ನು ಲೆಕ್ಕದಂತೆ ಒಪ್ಪಿಕೊಂಡೇ ಮುಂದೆ ಮಾತಾಡೋಣ.

ಎರಡನೆಯದು: ಇಲ್ಲಿಯ ಕರೆಂಟೂ ಗ್ಯಾಸ್ ಸುಟ್ಟೇ ಬರುವುದು, ಅಂದಮೇಲೆ ಲಾಭವೇನು? ಒಳ್ಳೆಯ ಪ್ರಶ್ನೆ. ಪೆಟ್ರೋಲ್ ಎಂಜಿನ್ನಿನಲ್ಲಿ ಸುಟ್ಟ ಇಂಧನದ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಸುಮಾರು ಕಾಲು ಭಾಗ ಮಾತ್ರ. ಉಳಿದದ್ದು ರೇಡಿಯೇಟರ್, ಸೈಲೆನ್ಸರ್‌ಗಳ ಮೂಲಕ ಬಿಸಿಯಾಗಿ ಗಾಳಿಪಾಲು. ಗ್ಯಾಸ್ ಟರ್ಬೈನಿನ ಜೊತೆ ಹಬೆಯ ಟರ್ಬೈನೂ ಇರುವ ಹೊಸ ಸ್ಥಾವರದಲ್ಲಿ ಅನಿಲದ ಶಕ್ತಿಯ ಅರ್ಧದಷ್ಟು ವಿದ್ಯುತ್ತಾಗುತ್ತದೆ, ಆ ವಿದ್ಯುತ್ತಿನ ನೂರರಲ್ಲಿ 90ರಷ್ಟನ್ನು ಒಳ್ಳೆಯ ಮೋಟಾರು ಓಟವಾಗಿ ಮಾರ್ಪಡಿಸುತ್ತದೆ. ತಂತಿಯಲ್ಲಿ, ಚಾರ್ಜಿಂಗಿನಲ್ಲಿ ಆಗುವ ನಷ್ಟ ಕಳೆದರೂ ವಿದ್ಯುತ್ ಕಾರೇ ಮುಂದೆ. ಇನ್ನೊಂದು ಮಾತನ್ನು ವೈದ್ಯರಾಗಿ ಹೇಳಬೇಕು. ಸ್ಥಾವರದ ಹೊಗೆ ಎತ್ತರದ ಚಿಮಣಿಯಿಂದ ಹೋಗುತ್ತದೆ. ಶಾಲೆಯ ಗೇಟಿನ ಮುಂದೆ ಏಸಿ ಹಾಕಿಕೊಂಡು ನಿಂತ ಕಾರುಗಳ ಹೊಗೆ ಹೋಗುವುದು ನಮ್ಮ ಮಕ್ಕಳ ಮೂಗಿನ ಎತ್ತರದಲ್ಲಿ. ಇನ್‌ಹೇಲರ್ ಹಿಡಿದು ಬರುವ ಮಗುವಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮೂರನೆಯದು ರಸಿಕರ ಆಕ್ಷೇಪಣೆ: ಸದ್ದಿಲ್ಲದ ಸ್ಪೋರ್ಟ್ಸ್ ಕಾರು, ಉಪ್ಪಿಲ್ಲದ ಸಾರು! ಮಧ್ಯಪ್ರಾಚ್ಯದ ಮೊದಲ ಫಾರ್ಮುಲಾ ವನ್ ಓಟ 2004ರಲ್ಲಿ ನಡೆದದ್ದು ನಮ್ಮ ಸಖೀರ್‌ನಲ್ಲಿ, ಆದ್ದರಿಂದ ಸದ್ದಿನ ಮೋಹ ಇಲ್ಲಿ ಸಹಜವೇ. ಆದರೆ 2014ರಿಂದ ಆ ಕಾರುಗಳೂ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರು ಇಟ್ಟುಕೊಂಡೇ ಓಡುತ್ತಿವೆ. ಬ್ರಿಟನ್ನಿನ ಲೋಟಸ್ ಎಲೀಸ್ ಎಂಬ ಪುಟ್ಟ ಪೆಟ್ರೋಲ್ ಕಾರಿನ ಚೌಕಟ್ಟನ್ನೇ ಆಧಾರವಾಗಿಟ್ಟುಕೊಂಡು ಟೆಸ್ಲಾ ಕಂಪನಿ 2008ರಲ್ಲಿ ತನ್ನ ಮೊದಲ ಕಾರು ರೋಡ್‌ಸ್ಟರನ್ನು ಹೊರತಂದಿತು. ಲ್ಯಾಪ್‌ಟಾಪಿನಲ್ಲಿ ಬಳಸುವಂಥ 6,831 ಪುಟ್ಟ ಸೆಲ್ಲುಗಳ ಬಲದಲ್ಲಿ ಅದು ನಿಂತಲ್ಲಿಂದ ನೂರರ ವೇಗ ಮುಟ್ಟುತ್ತಿದ್ದುದು ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ. ಮೋಟಾರು ನಿಂತಲ್ಲೇ ಪೂರ್ತಿ ಎಳೆತ ಕೊಡುತ್ತದೆ, ಗೇರು ಹುಡುಕುತ್ತ ಕೂರಬೇಕಾಗಿಲ್ಲ.

ನಾಲ್ಕನೆಯದು ನಮ್ಮ ಸೆಕೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಲಿಥಿಯಂ ಬ್ಯಾಟರಿ ಮನುಷ್ಯನ ಹಾಗೆಯೇ; ನಮಗೆ ಹಿತವಾದ ಹವೆ ಅದಕ್ಕೂ ಹಿತ, ಬಿಸಿ ಏರಿದಂತೆ ಆಯುಷ್ಯ ಕುಗ್ಗುತ್ತದೆ. ಬ್ಯಾಟರಿಗೆ ನೀರಿನ ತಂಪು ವ್ಯವಸ್ಥೆ ಇಲ್ಲದ ನಿಸ್ಸಾನ್ ಲೀಫ್ ಕಾರುಗಳು ಅಮೆರಿಕದ ಅರಿಜೋನಾದ ಮರುಭೂಮಿಯ ಸೆಕೆಯಲ್ಲಿ ಬೇಗ ಸೊರಗಿದವೆಂಬ ದೂರು 2012ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಜುಲೈ, ಆಗಸ್ಟಿನ ಬಹರೈನ್ ಏನೆಂದು ನಮಗೆ ಗೊತ್ತು. ಆದ್ದರಿಂದ ಬ್ಯಾಟರಿ ತಂಪು ಮಾಡುವ ಏರ್ಪಾಟು ಮೊದಲು, ಬಣ್ಣ, ಸ್ಟಿಕ್ಕರು ಆಮೇಲೆ. ದೂರದ ಚಿಂತೆಯಂತೂ ಬೇಡ. ಈ ದ್ವೀಪದ ಉತ್ತರದಿಂದ ದಕ್ಷಿಣದ ತುದಿಗೆ 50 ಕಿಲೋಮೀಟರಿನಷ್ಟು. ಒಂದು ಚಾರ್ಜಿಗೆ ನೂರು ಕಿಲೋಮೀಟರ್ ಓಡಿದರೂ ಬೇಕಾದಷ್ಟಾಯಿತು.

ಐದನೆಯದು ಅಪಾಯ. ಇಲ್ಲಿ ನಾವು ಆಕ್ಷೇಪಿಸಿದವರ ಪಕ್ಷವೇ. ಮನೆಯ ಪ್ಲಗ್ಗಿನಲ್ಲಿ ಇರುವುದು 230 ವೋಲ್ಟ್. ಲೀಫ್ ಕಾರಿನ ಬ್ಯಾಟರಿಯಲ್ಲಿ ಸುಮಾರು 360 ವೋಲ್ಟ್, ಅದೂ ಡಿಸಿ. ವಾಹನಗಳ ಸುರಕ್ಷತಾ ನಿಯಮದ ಲೆಕ್ಕದಲ್ಲಿ 60 ವೋಲ್ಟ್ ದಾಟಿದ ಡಿಸಿಯೇ ಅಪಾಯದ್ದು. ಡಿಸಿಯ ಕಿಡಿ ಒಮ್ಮೆ ಹತ್ತಿದರೆ ಏಸಿಯ ಕಿಡಿಯಷ್ಟು ಸುಲಭವಾಗಿ ಆರುವುದಿಲ್ಲ. ಬ್ಯಾಟರಿಗೆ ಮೇನ್ ಸ್ವಿಚ್ ಆಫ್ ಎಂಬುದಿಲ್ಲ. ತಂತಿ ಕಳಚಿದರೂ ಒಳಗೆ ವೋಲ್ಟೇಜ್ ಇದ್ದೇ ಇರುತ್ತದೆ. ಬೆವರಿದ ಚರ್ಮ ಒಣ ಚರ್ಮಕ್ಕಿಂತ ಎಷ್ಟೋ ಸುಲಭವಾಗಿ ಕರೆಂಟನ್ನು ಒಳಗೆ ಬಿಡುತ್ತದೆ, ಇಲ್ಲಿ ಬೆವರದ ದಿನ ಎಷ್ಟಿದೆ? ಆದರೆ ಅಪಾಯವಿದೆ ಎಂಬುದು ಕಲಿಸಬಾರದು ಎನ್ನಲು ಕಾರಣವಲ್ಲ, ಸರಿಯಾದವರು ಕಲಿಸಬೇಕು ಎನ್ನಲು ಕಾರಣ. ಅಂಥವರಿಗೆ ನಮ್ಮಲ್ಲಿ ಬರವೇ? 1971ರಿಂದ ಅಲ್ಯೂಮಿನಿಯಂ ಕರಗಿಸುತ್ತಿರುವ ಅಲ್ಬಾದ ಪಾಟ್‌ಲೈನುಗಳು ನಡೆಯುವುದೇ ಭಾರೀ ಡಿಸಿ ಕರೆಂಟಿನ ಮೇಲೆ. ಕರೆಂಟಿನ ಜೊತೆ ದಿನವೂ ಒಡನಾಡುವವರು ನಮ್ಮ ಸದಸ್ಯರ ಪಟ್ಟಿಯಲ್ಲೇ ಇದ್ದಾರೆ. ಯಕ್ಷಗಾನದ ದಿನ ಮೈಕು ಕೆಟ್ಟರೆ ಮಾತ್ರ ಅವರ ನೆನಪಾಗುತ್ತದೆ, ಅಷ್ಟೇ.

ಇವೆಲ್ಲ ಹೇಳಿದ ಆಕ್ಷೇಪಣೆಗಳು. ಹೇಳದೇ ಇರುವ ಆಕ್ಷೇಪಣೆ ಒಂದೇ: ನಮ್ಮ ಮಕ್ಕಳ ಕೈಗೆ ಗ್ರೀಸ್ ಹತ್ತಬಾರದು.

ಆಯುಧಪೂಜೆಯ ದಿನ ಕಾರಿಗೆ ಹೂವಿನ ಹಾರ ಹಾಕಿ, ಸ್ಪ್ಯಾನರಿಗೂ ಕುಂಕುಮ ಹಚ್ಚುವವರು ನಾವು. ಉಳಿದ 364 ದಿನ ಆ ಸ್ಪ್ಯಾನರನ್ನು ಮುಟ್ಟುವವನನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುವವರೂ ನಾವೇ. ಮಗ ಎಂಜಿನಿಯರ್ ಆಗಬೇಕು, ಆದರೆ ಎಂಜಿನ್ ಮುಟ್ಟಬಾರದು! ಕೈ ಕೆಸರಾದರೆ ಬಾಯಿ ಮೊಸರು ಎಂದು ಹೇಳಿಕೊಟ್ಟ ಹಿರಿಯರ ಮಕ್ಕಳು, ಮೊಸರನ್ನು ಮಾತ್ರ ಡಬ್ಬಿಯಲ್ಲಿ ಕೊಂಡು ತರುತ್ತಿದ್ದೇವೆ.

ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಶವ ಕೊಯ್ಯದೆ ಯಾರೂ ನಮ್ಮನ್ನು ಮುಂದಿನ ತರಗತಿಗೆ ಕಳಿಸಲಿಲ್ಲ. ಹೊರದೇಶದಲ್ಲಿ ರೆಸಿಡೆನ್ಸಿ ಮಾಡುವಾಗಲೂ ಹಿರಿಯರು ಕೈ ಹಿಡಿದು ಕೈಯಿಂದಲೇ ಕಲಿಸಿದರು. ಪುಸ್ತಕ ಓದಿ ಪಾಸಾದ ಸರ್ಜನ್ನನ ಕೈಗೆ ನಿಮ್ಮ ಹೊಟ್ಟೆ ಕೊಡುತ್ತೀರಾ? ನಮಗೇಕೆ ಈ ಉಸಾಬರಿ ಎಂಬುದಕ್ಕೆ ಇದೇ ಉತ್ತರ.

ಇದೇ ಜಾತಿಯ ಕೆಲಸ ಮಾಡಿದ ವಿದ್ಯಾರ್ಥಿಗಳು ಏನಾದರೆಂದು ನೋಡಿ. 1968ರಲ್ಲಿ ಅಮೆರಿಕದ ಕ್ಯಾಲ್ಟೆಕ್ ವಿದ್ಯಾರ್ಥಿ ವಾಲಿ ರಿಪ್ಪೆಲ್ ಒಂದು ಹಳೆಯ ಫೋಕ್ಸ್‌ವ್ಯಾಗನ್ ವ್ಯಾನನ್ನು ವಿದ್ಯುತ್ತಿಗೆ ಬದಲಾಯಿಸಿ, ಎಂ.ಐ.ಟಿ. ವಿದ್ಯಾರ್ಥಿಗಳಿಗೆ ಸವಾಲು ಹಾಕಿದ. ಅವರು ಶೆವರ್ಲೆ ಕಾರ್ವೇರ್ ಕಾರೊಂದನ್ನು ಬದಲಾಯಿಸಿ ತಂದರು. ಇವರು ಪಶ್ಚಿಮದಿಂದ, ಅವರು ಪೂರ್ವದಿಂದ ಹೊರಟು ಇಡೀ ದೇಶ ದಾಟಿದರು. ದಾರಿಯುದ್ದಕ್ಕೂ ಕೆಟ್ಟು ನಿಂತರು, ರಿಪೇರಿ ಮಾಡಿಕೊಂಡು ಮತ್ತೆ ಓಡಿದರು. ಅದೇ ರಿಪ್ಪೆಲ್ ಮುಂದೆ ಟೆಸ್ಲಾದಲ್ಲೂ ಕೆಲಸ ಮಾಡಿದರು.

ಅಷ್ಟು ದೂರ ಬೇಡವೆಂದರೆ ನಮ್ಮ ಬೆಂಗಳೂರಿಗೇ ಬನ್ನಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಚೇತನ್ ಮೈನಿ, ಸನ್‌ರನ್ನರ್ ಎಂಬ ಸೌರ ಕಾರನ್ನು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದರು. ಆ ಕಾರು 1990ರಲ್ಲಿ ಆಸ್ಟ್ರೇಲಿಯದ ಸೌರ ಕಾರುಗಳ ಓಟದಲ್ಲಿ ಮೂರನೆಯದಾಗಿ ಬಂತು. ಹನ್ನೊಂದು ವರ್ಷದ ನಂತರ, 2001ರಲ್ಲಿ, ಬೆಂಗಳೂರಿನಿಂದ ರೇವಾ ರಸ್ತೆಗಿಳಿಯಿತು. ಲಂಡನ್ನಿನ ಬೀದಿಗಳಲ್ಲೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಅದರಲ್ಲಿ ಕೊರತೆಗಳಿದ್ದವು, ನಕ್ಕವರೂ ಬಹಳ. ಆದರೆ 2010ರಲ್ಲಿ ಮಹೀಂದ್ರದವರು ಆ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡರು, 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ಹೊರಡಿಸಿದ ಮೊದಲ ರಾಜ್ಯ ನಮ್ಮ ಕರ್ನಾಟಕವಾಯಿತು. ಅಷ್ಟೇ ಅಲ್ಲ, ಹಳೆಯ ವಾಹನಕ್ಕೆ ಪರೀಕ್ಷೆಗೊಳಪಟ್ಟ ವಿದ್ಯುತ್ ಕಿಟ್ ಅಳವಡಿಸಲು ಭಾರತದ ಮೋಟಾರು ವಾಹನ ನಿಯಮಗಳಲ್ಲಿ 2016ರಲ್ಲೇ ಅವಕಾಶ ಮಾಡಿದ್ದಾರೆ. ನಾಳೆ ಊರಿಗೆ ಮರಳುವ ನಮ್ಮ ಮಕ್ಕಳಿಗೆ ಈ ವಿದ್ಯೆ ಅನ್ನವೂ ಆದೀತು.

ಆದ್ದರಿಂದ ಸಮಿತಿಯ ಮುಂದೆ ನಮ್ಮ ಸಲಹೆ ಇಷ್ಟು. ಒಂದು, ಟ್ರಾಫಿಕ್ ಇಲಾಖೆಯನ್ನೂ ವಿಮಾ ಕಂಪನಿಯನ್ನೂ ಮೊದಲೇ ಕೇಳಿ, ಲಿಖಿತ ಒಪ್ಪಿಗೆ ಬರುವ ತನಕ ಕಾರು ರಸ್ತೆಗೆ ಇಳಿಯಕೂಡದು. ಎರಡು, ಕೆಲಸ ನೆಲಮಾಳಿಗೆಯಲ್ಲಿ ಬೇಡ, ಸಲ್ಮಾಬಾದಿನ ಲೈಸೆನ್ಸ್ ಇರುವ ಗ್ಯಾರೇಜಿನಲ್ಲಿ ಆಗಲಿ. ಕಟ್ಟಡದಲ್ಲಿ ಹತ್ತಾರು ಸಂಸಾರ ಮಲಗಿರುತ್ತವೆ. ಮೂರು, ಬ್ಯಾಟರಿಯ ಜೋಡಣೆ ಅನುಭವಸ್ಥ ಎಲೆಕ್ಟ್ರಿಕಲ್ ಎಂಜಿನಿಯರರ ಕೈಯಲ್ಲೇ ಇರಲಿ, ಹದಿನೆಂಟು ತುಂಬದವರು ಅದನ್ನು ಮುಟ್ಟದೆ ನೋಡಿ ಕಲಿಯಲಿ. ಎಂಜಿನ್ ಇಳಿಸುವುದು, ಅಳತೆ ತೆಗೆಯುವುದು, ಬ್ರೇಕು, ತೂಕದ ಲೆಕ್ಕ, ಇವೆಲ್ಲ ಅವರಿಗೆ ಬೇಕಾದಷ್ಟಿದೆ. ನಾಲ್ಕು, ರಬ್ಬರ್ ಕೈಗವಸು ಕಡ್ಡಾಯ, ಉಂಗುರ, ವಾಚು, ಕೊರಳಿನ ಸರ ಮನೆಯಲ್ಲಿ, ಒಬ್ಬರೇ ಯಾವತ್ತೂ ಕೆಲಸ ಮಾಡಕೂಡದು. ಪ್ರಥಮ ಚಿಕಿತ್ಸೆ ಮತ್ತು ಎದೆ ಒತ್ತಿ ಉಸಿರು ಮರಳಿಸುವ ವಿಧಾನವನ್ನು ನಾವೇ ಬಂದು ಕಲಿಸುತ್ತೇವೆ, ತಂದೆತಾಯಂದಿರೂ ಬಂದು ಕಲಿಯಲಿ. ಐದು, ಕಾರು ಓಡದಿದ್ದರೂ ಯಾರೂ ನಗಕೂಡದು.

ನಾಟಕಕ್ಕೆ, ನೃತ್ಯಕ್ಕೆ, ಕ್ರಿಕೆಟ್ಟಿಗೆ ಸಂಘ ಕೋಣೆ ಕೊಟ್ಟಿದೆ, ಕೊಡಲೇಬೇಕು. ಮಕ್ಕಳು ತಾವಾಗಿ ಬಂದು ಏನಾದರೂ ಕಲಿಸಿ ಎಂದು ಕೇಳುವುದು ವರ್ಷಕ್ಕೆ ಎಷ್ಟು ಸಲ? ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಕನ್ನಡಿಗರ ಪದ್ಧತಿಯಲ್ಲ. ಅಲ್ಬಾ, ರಿಫೈನರಿ, ವಿದ್ಯುತ್ ಕೆಲಸಗಳಲ್ಲಿರುವ ಸದಸ್ಯರು ಮುಂದಿನ ಸಭೆಗೆ ಮೊದಲೇ ಕಾರ್ಯದರ್ಶಿಗಳಲ್ಲಿ ಹೆಸರು ಕೊಡಬೇಕಾಗಿ ವಿನಂತಿ. ನಮ್ಮ ವಾದ ಸರಿಯಿಲ್ಲವೆನಿಸಿದವರು ಇದೇ ಪತ್ರಿಕೆಯಲ್ಲಿ ಉತ್ತರ ಬರೆಯಲಿ, ಓದಲು ಕಾದಿದ್ದೇವೆ. ನಕ್ಕು ಮುಂದೂಡುವುದು ಮಾತ್ರ ಬೇಡ.