ಅಂಡಮಾನ್ ಪ್ಯಾಕೇಜಿನ ಮೂರನೇ ದಿನ

ಈಗ ಯಾರನ್ನು ಕೇಳಿದರೂ ಅಂಡಮಾನು! ಬೆಂಗಳೂರಿನಿಂದ ನೇರ ವಿಮಾನ ಇದೆ, ಪಾಸ್‌ಪೋರ್ಟು ವೀಸಾದ ರಗಳೆ ಇಲ್ಲ, ಕೇಂದ್ರ ಸರ್ಕಾರದ ನೌಕರರಿಗೆ ಎಲ್‌ಟಿಸಿ ಬೇರೆ. ಹೊಸದಾಗಿ ಮದುವೆಯಾದವರು, ದಸರಾ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಹೊರಟವರು, ರಿಟೈರ್ ಆದಮೇಲೆ "ಆ ಕಾಲಾಪಾನಿ ಒಂದ್ಸಲ ನೋಡ್ಕೊಂಡು ಬಂದುಬಿಡೋಣ" ಅನ್ನುವವರು... ಎಲ್ಲರೂ ಹೋಗಿಬರುತ್ತಿದ್ದಾರೆ. ಹೋಗಲಿ, ಸಂತೋಷ. ಸಮುದ್ರ ಯಾರಪ್ಪನ ಮನೆ ಆಸ್ತಿಯೂ ಅಲ್ಲ.

ಆದರೆ ಇವರೆಲ್ಲರ ಕೈಯಲ್ಲಿರುವ ಪಟ್ಟಿಯನ್ನು ನೋಡಿದ್ದೀರಾ? ಏಜೆಂಟ್ ಯಾರೇ ಇರಲಿ, ಪಟ್ಟಿ ಹೆಚ್ಚೂ ಕಮ್ಮಿ ಒಂದೇ. ಐದು ರಾತ್ರಿ, ಆರು ಹಗಲು. ಮೊದಲ ದಿನ ಪೋರ್ಟ್ ಬ್ಲೇರಿನಲ್ಲಿ (2024ರಿಂದ ಅದರ ಹೆಸರು ಶ್ರೀ ವಿಜಯ ಪುರಂ) ಸೆಲ್ಯುಲರ್ ಜೈಲು, ಸಂಜೆ ಧ್ವನಿ-ಬೆಳಕಿನ ಪ್ರದರ್ಶನ. ಎರಡನೇ ದಿನ ರಾಸ್ ದ್ವೀಪ, ನಾರ್ತ್ ಬೇಯಲ್ಲಿ ಸೀ ವಾಕ್. ಮೂರನೇ ದಿನ ಬಾರಾಟಾಂಗ್. ನಾಲ್ಕು, ಐದನೇ ದಿನ ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪ: ಸ್ಕೂಬಾ, ಸ್ನಾರ್ಕೆಲಿಂಗ್, ರಾಧಾನಗರ ಬೀಚಿನ ಸೂರ್ಯಾಸ್ತ. ಆರನೇ ದಿನ ಸಾಗರಿಕಾ ಎಂಪೋರಿಯಂನಲ್ಲಿ ಶಾಪಿಂಗ್, ಅಬರ್ಡೀನ್ ಬಜಾರಿನಲ್ಲಿ ಟೀ ಶರ್ಟು, ಆಮೇಲೆ ವಿಮಾನ.

ನನ್ನ ತಕರಾರು ಮೂರನೇ ದಿನದ ಬಗ್ಗೆ ಮಾತ್ರ. ಉಳಿದ ಐದು ದಿನ ನೀವು ಏನು ಬೇಕಾದರೂ ಮಾಡಿ, ಮರಳಲ್ಲಿ ಹೊರಳಾಡಿ, ಮುತ್ತಿನ ಸರ ಕೊಳ್ಳಿ, ನನಗೇನೂ ಇಲ್ಲ.

ಬಾರಾಟಾಂಗಿನಲ್ಲಿ ಇರುವುದೇನು? ಸುಣ್ಣಕಲ್ಲಿನ ಗುಹೆ, ಪುಟ್ಟದೊಂದು ಮಣ್ಣಿನ ಜ್ವಾಲಾಮುಖಿ. ಅದಕ್ಕಾಗಿ ಜನ ಬೆಳಗಿನ ಜಾವ ಮೂರಕ್ಕೆ ಏಳುತ್ತಾರೆ. ಜಿರ್ಕಾಟಾಂಗ್ ಎಂಬ ಚೆಕ್‌ಪೋಸ್ಟಿನಲ್ಲಿ ವಾಹನಗಳು ಸಾಲುಗಟ್ಟುತ್ತವೆ. ನಿಗದಿತ ಹೊತ್ತಿಗೆ ಗೇಟು ತೆಗೆದು, ಪೊಲೀಸ್ ಕಾವಲಿನಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಡುತ್ತಾರೆ. ಅಲ್ಲಿಂದ ಮಿಡಲ್ ಸ್ಟ್ರೇಟ್ ಜೆಟ್ಟಿವರೆಗೆ ಸುಮಾರು ಐವತ್ತು ಕಿಲೋಮೀಟರ್ ದಟ್ಟ ಕಾಡು. ನಿಲ್ಲಿಸುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ, ಏನನ್ನೂ ಕೊಡುವ ಹಾಗಿಲ್ಲ. ಆಮೇಲೆ ದೋಣಿ, ಸ್ವಲ್ಪ ನಡಿಗೆ, ಗುಹೆಯೊಳಗೆ ಟಾರ್ಚು ಹಿಡಿದು ಒಂದಷ್ಟು ಹೊತ್ತು. ಮತ್ತೆ ಅದೇ ಕಾಡಿನಲ್ಲಿ ವಾಪಸ್.

ಆ ಕಾಡು ಯಾರದ್ದು ಗೊತ್ತಾ? ಜಾರವಾಗಳದ್ದು. 1957ರಿಂದ ಅದು ಅವರ ಮೀಸಲು ಪ್ರದೇಶ. 2011ರ ಜನಗಣತಿಯ ಪ್ರಕಾರ ಅವರ ಸಂಖ್ಯೆ 380. ಮುನ್ನೂರ ಎಂಬತ್ತು! ನಮ್ಮಲ್ಲಿ ಒಂದು ಸಾಧಾರಣ ಮದುವೆಯ ಊಟಕ್ಕೆ ಅದಕ್ಕಿಂತ ಜಾಸ್ತಿ ಎಲೆ ಬೀಳುತ್ತವೆ.

ಈಗ ನಿಜ ಹೇಳಿ, ಮೂರು ಗಂಟೆಗೆ ಏಳುವುದು ಗುಹೆಗೋ? ಸುಣ್ಣಕಲ್ಲಿನ ಗುಹೆಯೇ ಬೇಕಿದ್ದರೆ ಆಂಧ್ರದ ಬೇಲಂ ಇದೆ, ಬೆಂಗಳೂರಿನಿಂದ ಕಾರಿನಲ್ಲೇ ಹೋಗಬಹುದು, ಬಾರಾಟಾಂಗಿನದಕ್ಕಿಂತ ಎಷ್ಟೋ ಪಾಲು ದೊಡ್ಡದು. ಕಾಂಡ್ಲಾ ಕಾಡಿನಲ್ಲಿ ಓಡಾಡಬೇಕೆಂದರೆ ನಮ್ಮ ಹೊನ್ನಾವರ ಇದೆ. ಕರೆದುಕೊಂಡು ಹೋಗುವವರು ಕಾಗದದಲ್ಲಿ ಗುಹೆ ಅಂತ ಬರೆಯುತ್ತಾರೆ, ಬಾಯಲ್ಲಿ ಮಾತ್ರ "ಲಕ್ ಇದ್ರೆ ದಾರೀಲಿ ಅವ್ರು ಕಾಣಿಸ್ತಾರೆ ಸಾರ್" ಅಂತಾರೆ. ನನಗೂ ಒಬ್ಬ ಹೀಗೇ ಅಂದಿದ್ದ. ನಾಗರಹೊಳೆಯ ಜೀಪಿನಲ್ಲಿ ಹುಲಿಯ ಬಗ್ಗೆ ಹೇಳುವ ಮಾತೂ ಇದೇ ಅಲ್ಲವೇ? ಅದೇ ದನಿ, ಅದೇ ಪಿಸುಮಾತು. ಹೋಗಿಬಂದವರೂ ಅಷ್ಟೇ, ಗುಹೆಯ ಬಗ್ಗೆ ಒಂದು ಸಾಲು ಹೇಳಿದರೆ "ನಮಗೆ ಇಬ್ಬರು ಕಂಡರು, ಮಕ್ಕಳೂ ಇದ್ದವು" ಅಂತ ನಾಲ್ಕು ಸಾಲು ಹೇಳುತ್ತಾರೆ.

ಇದರ ಚರಿತ್ರೆ ಸ್ವಲ್ಪ ಕೇಳಿ. 1970ರ ದಶಕದಲ್ಲಿ ಆ ಕಾಡು ಸೀಳಿಕೊಂಡು ಅಂಡಮಾನ್ ಟ್ರಂಕ್ ರಸ್ತೆ ಹೋಯಿತು. ಜಾರವಾಗಳು ಬಾಣ ಹಿಡಿದು ವಿರೋಧಿಸಿದರು. 1996ರಲ್ಲಿ ಕಾಲು ಮುರಿದುಕೊಂಡು ಸಿಕ್ಕ ಒಬ್ಬ ಜಾರವಾ ಹುಡುಗನಿಗೆ ಪೋರ್ಟ್ ಬ್ಲೇರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟು ವಾಪಸ್ ಕಳಿಸಿದರು. ಮರುವರ್ಷದಿಂದ ಅವರು ತಾವಾಗಿಯೇ ಕಾಡಿನಿಂದ ಹೊರಗೆ ಬರತೊಡಗಿದರು. 1999ರಲ್ಲಿ ಅವರಲ್ಲಿ ದಡಾರ ಹರಡಿತು. 2002ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮೀಸಲು ಪ್ರದೇಶದೊಳಗಿನ ರಸ್ತೆ ಮುಚ್ಚಿ ಅಂತ ಹೇಳಿತು. ಮುಚ್ಚಲಿಲ್ಲ. 2012ರ ಜನವರಿಯಲ್ಲಿ ಜಾರವಾ ಹೆಂಗಸರನ್ನು ತಿಂಡಿಯ ಆಸೆ ತೋರಿಸಿ ಕುಣಿಸುತ್ತಿದ್ದ ವಿಡಿಯೋ ಹೊರಬಂದು ಲೋಕವೆಲ್ಲ ಛೀ ಥೂ ಅಂದಿತು. ಅದೇ ವರ್ಷ ಕಾನೂನು ಬಿಗಿಯಾಯಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರವಾಸಿಗರನ್ನು ಈ ರಸ್ತೆಯಿಂದ ದೂರ ಇಡುವ ಮಧ್ಯಂತರ ಆದೇಶ ಕೊಟ್ಟಿತು. ಮಾರ್ಚಿನಲ್ಲಿ ಅದೂ ತೆರವಾಯಿತು.

ಅಂದರೆ, ಆ ರಸ್ತೆಯಲ್ಲಿ ಪ್ರವಾಸಿಗಳಾಗಿ ಹೋಗುವುದು ಅಪರಾಧವಲ್ಲ. ಸರಿ. ಕೋರ್ಟು, ಸರ್ಕಾರ ಎಲ್ಲ ಮುಗಿದು ಮಾತು ಕೊನೆಗೆ ನಮ್ಮ ಬುಡಕ್ಕೇ ಬಂದು ನಿಂತಿದೆ.

ಇಲ್ಲಿ ಬರುವ ವಾದಗಳು ನನಗೆ ಗೊತ್ತು, ಒಂದೊಂದಾಗಿ ನೋಡೋಣ.

"ನಾವು ಫೋಟೋ ತೆಗೆಯಲ್ಲ, ಬಿಸ್ಕತ್ತು ಎಸೆಯಲ್ಲ, ಸುಮ್ನೆ ಕಿಟಕಿಯಿಂದ ನೋಡ್ತೀವಿ." ನಿಮ್ಮ ಮನೆಯ ಅಂಗಳದಲ್ಲಿ ದಿನಾ ಬೆಳಿಗ್ಗೆ ಗಾಡಿಗಳ ಸಾಲು ಹೋಗುತ್ತದೆ ಅಂದುಕೊಳ್ಳಿ. ಯಾರೂ ಇಳಿಯುವುದಿಲ್ಲ, ಏನೂ ಕದಿಯುವುದಿಲ್ಲ, ಸುಮ್ಮನೆ ಕಿಟಕಿಗೆ ಮೂಗು ಒತ್ತಿ ನಿಮ್ಮ ಮಗುವಿಗೆ ನೀವು ಉಣ್ಣಿಸುವುದನ್ನು ನೋಡುತ್ತಾರೆ. ಸಂಜೆ ಅದೇ ದಾರಿಯಲ್ಲಿ ಮತ್ತೊಮ್ಮೆ. ಎಷ್ಟು ದಿನ ಸುಮ್ಮನಿರುತ್ತೀರಿ?

"ರಸ್ತೆ ಹೇಗೂ ಇದೆಯಲ್ಲ, ಬಸ್ಸು ಲಾರಿ ಓಡ್ತಾವಲ್ಲ." ಓಡುತ್ತವೆ. ರಂಗತ್, ಮಾಯಾಬಂದರ್, ಡಿಗ್ಲಿಪುರದ ಜನಕ್ಕೆ ಆಸ್ಪತ್ರೆಗೆ, ಕಚೇರಿಗೆ, ತರಕಾರಿಗೆ ಅದೇ ದಾರಿ. ಆ ರಸ್ತೆ ಪೂರ್ತಿ ಮುಚ್ಚಬೇಕೋ ಬೇಡವೋ ಎಂಬ ಜಗಳ ಅವರದ್ದೂ ಹೌದು, ಅಲ್ಲಿ ನಾನು ಬೆಂಗಳೂರಿನಲ್ಲಿ ಕೂತು ತೀರ್ಪು ಕೊಡುವುದಿಲ್ಲ. ಆದರೆ ಹೆರಿಗೆ ನೋವಿಗೆ ಹೊರಟ ಹೆಣ್ಣುಮಗಳೂ, ಸೆಲ್ಫಿಗೆ ಹೊರಟ ನಾವೂ ಒಂದೇ ಅಂತ ಹೇಳಬೇಡಿ ಸ್ವಾಮಿ. ಅವರಿಗೆ ಬೇರೆ ದಾರಿ ಕಷ್ಟ. ನಮಗೆ ಆ ದಾರಿಯ ಅಗತ್ಯವೇ ಇಲ್ಲ.

"ಅವರೂ ಮುಖ್ಯವಾಹಿನಿಗೆ ಬರಬೇಡವೇ? ಎಷ್ಟು ದಿನ ಕಾಡಲ್ಲಿರೋದು?" ಇದು ತುಂಬಾ ಓದಿಕೊಂಡವರು ಹೇಳುವ ಮಾತು. ಮುಖ್ಯವಾಹಿನಿಗೆ ಬಂದವರ ಕಥೆ ಅಲ್ಲೇ ಪಕ್ಕದಲ್ಲಿದೆ. ಬ್ರಿಟಿಷರು 1858ರಲ್ಲಿ ಬಂದು ನೆಲೆಯೂರಿದಾಗ ಗ್ರೇಟ್ ಅಂಡಮಾನೀಯರು ಐದು ಸಾವಿರದ ಆಸುಪಾಸು ಇದ್ದರೆಂದು ಅಂದಾಜು. 1877ರಲ್ಲಿ ದಡಾರ ಬಂದು ನೂರಾರು ಜನ ಸತ್ತರು. 1961ರ ಜನಗಣತಿಯಲ್ಲಿ ಉಳಿದಿದ್ದವರು 19. ಹತ್ತೊಂಬತ್ತು ಜನ! 2010ರ ಜನವರಿಯಲ್ಲಿ ಬೋವಾ ಸೀನಿಯರ್ ಎಂಬ ಅಜ್ಜಿ ತೀರಿಕೊಂಡರು, ಅವರ ಜೊತೆ 'ಬೋ' ಎಂಬ ಭಾಷೆಯೇ ಹೋಯಿತು. ಅದನ್ನಾಡುವ ಕೊನೆಯ ಮನುಷ್ಯಳು ಆಕೆ. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಆಕೆಯ ಮಾತು, ಹಾಡುಗಳನ್ನು ದಾಖಲಿಸಿಕೊಂಡಿದ್ದರಿಂದ ಒಂದಿಷ್ಟಾದರೂ ಉಳಿಯಿತು. ಕನ್ನಡ ಉಳಿಯುತ್ತದೋ ಇಲ್ಲವೋ ಅಂತ ವಾರಕ್ಕೊಮ್ಮೆ ಕಣ್ಣೀರು ಹಾಕುವ ನಾವು ಆರು ಕೋಟಿ ಜನ. ತನ್ನ ಭಾಷೆಯಲ್ಲಿ ಮಾತಾಡಲು ಒಬ್ಬರೂ ಉಳಿಯದಿದ್ದ ಆ ಅಜ್ಜಿಯನ್ನು ಒಂದು ಕ್ಷಣ ನೆನೆಸಿಕೊಳ್ಳಿ. ಮುಖ್ಯವಾಹಿನಿಗೆ ಬರುವುದು ಬಿಡುವುದು ಜಾರವಾಗಳು ತೀರ್ಮಾನಿಸಲಿ. ಕಾರಿನ ಕಿಟಕಿಯಿಂದ ಅವರನ್ನು ದಿಟ್ಟಿಸಿ ನೋಡುವುದು ಯಾವ ಬಗೆಯ ಅಭಿವೃದ್ಧಿ?

ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುತ್ತಿಲ್ಲ. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇರಳದವರು ತೆಗೆಯಿರಿ ಅಂದಾಗಲೆಲ್ಲ ಇಲ್ಲಿಯವರು "ಆನೆ, ಜಿಂಕೆಗಳ ನೆಮ್ಮದಿ ಮುಖ್ಯ, ನಿಮ್ಮ ಅವಸರವಲ್ಲ" ಅಂತ ಎದ್ದು ನಿಂತರು. ನಾನೂ ಅದರ ಪರವೇ. ಜಿಂಕೆಗೆ ರಾತ್ರಿ ಒಂಬತ್ತು ಗಂಟೆಯ ನೆಮ್ಮದಿ ಬೇಕೆಂದು ಒಪ್ಪಿದ ಮೇಲೆ ಮನುಷ್ಯರಿಗೆ ಬೇಡವೇ?

ಇನ್ನೂ ಒಂದು ತಮಾಷೆ. ಅಂಡಮಾನಿನ ಬೀಚಿನಿಂದ ಹವಳದ ತುಂಡು ಎತ್ತಿಕೊಂಡು ಬರುವಂತಿಲ್ಲ, ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಬ್ಯಾಗಿನಿಂದ ತೆಗೆಸುತ್ತಾರೆ. ಇದನ್ನು ಎಲ್ಲರೂ ಪಾಲಿಸುತ್ತೇವೆ, ಮಕ್ಕಳಿಗೂ "ಮುಟ್ಟಬಾರದು ಪುಟ್ಟಾ" ಅಂತ ಹೇಳಿಕೊಡುತ್ತೇವೆ. ಅದೇ ಮಕ್ಕಳನ್ನು ಮರುದಿನ ನಸುಕಿನಲ್ಲಿ ಎಬ್ಬಿಸಿ ಮನುಷ್ಯರನ್ನು ನೋಡಲು ಕರೆದುಕೊಂಡು ಹೋಗುತ್ತೇವೆ!

ಮೊದಲ ದಿನ ಸೆಲ್ಯುಲರ್ ಜೈಲಿನಲ್ಲಿ ಏನು ಮಾಡಿದ್ದೆವು? 1906ರಲ್ಲಿ ಕಟ್ಟಿ ಮುಗಿಸಿದ ಆ ಜೈಲಿಗೆ ಏಳು ರೆಕ್ಕೆಗಳಿದ್ದವು, ಈಗ ಉಳಿದಿರುವುದು ಮೂರು. ನಡುವೆ ಒಂದು ಗೋಪುರ, ಅಲ್ಲಿ ನಿಂತ ಕಾವಲುಗಾರನ ಕಣ್ಣು ಏಳೂ ಕಡೆ ಹರಿಯಲಿ ಅಂತ. ಸದಾ ಯಾರದೋ ಕಣ್ಣ ಕೆಳಗೆ ಬದುಕುವುದೇ ಒಂದು ಶಿಕ್ಷೆ ಅಂತ ಅಲ್ಲಿ ನಮಗೆ ಗೊತ್ತಾಗುತ್ತದೆ, ಗಂಟಲು ಕಟ್ಟುತ್ತದೆ. ಆಮೇಲೆ ಒಂದು ದಿನ ಬಿಟ್ಟು, ನಾವೇ ಆ ಗೋಪುರ ಹತ್ತುತ್ತೇವೆ. ಈ ಸಲದ್ದು ಏಸಿ ಗೋಪುರ, ಚಕ್ರ ಇರುವಂಥದ್ದು.

ಸೆಂಟಿನೆಲೀಯರಿಗೆ ಸುತ್ತ ಸಮುದ್ರವಿದೆ, ಯಾರನ್ನೂ ಹತ್ತಿರ ಬಿಡದ ಅಲೆಗಳಿವೆ. ಜಾರವಾಗಳ ಕಾಡಿಗೆ ನಾವು ಡಾಂಬರು ಹಾಕಿಬಿಟ್ಟಿದ್ದೇವೆ. ಅವರಿಗೆ ಉಳಿದಿರುವ ಬೇಲಿ ನಮ್ಮ ಮರ್ಯಾದೆ ಒಂದೇ.

ಆದ್ದರಿಂದ ಅಂಡಮಾನಿಗೆ ಹೊರಟಿರುವ ಗೆಳೆಯರೇ, ಖಂಡಿತ ಹೋಗಿ. ಏಜೆಂಟಿಗೆ ಫೋನ್ ಮಾಡಿ ಮೂರನೇ ದಿನವನ್ನು ಕಿತ್ತುಹಾಕಿಸಿ. ಯಾಕೆ ಅಂತ ಅವನಿಗೆ ಬಾಯಿಬಿಟ್ಟು ಹೇಳಿ, ಹತ್ತು ಜನ ಹೇಳಿದರೆ ಹನ್ನೊಂದನೆಯವರ ಪಟ್ಟಿಯಲ್ಲಿ ಅದು ಇರುವುದಿಲ್ಲ. ಆ ದಿನ ಚಿಡಿಯಾ ಟಾಪುವಿಗೆ ಹೋಗಿ ಸೂರ್ಯಾಸ್ತ ನೋಡಿ, ವಂಡೂರಿಗೆ ಹೋಗಿ, ನೀಲ್ ದ್ವೀಪದಲ್ಲಿ ಒಂದು ರಾತ್ರಿ ಹೆಚ್ಚಿಗೆ ಉಳಿಯಿರಿ. ಆ ಜನರ ಬಗ್ಗೆ ನಿಜವಾಗಿ ಕುತೂಹಲ ಇದ್ದರೆ ಊರೊಳಗೇ ಮಾನವಶಾಸ್ತ್ರದ ಸಂಗ್ರಹಾಲಯ ಇದೆ, ಎರಡು ತಾಸು ಕೊಡಿ. ಏನೂ ಬೇಡವೆಂದರೆ ಬೆಳಿಗ್ಗೆ ಮೂರಕ್ಕೆ ಏಳದೆ ಒಂಬತ್ತರವರೆಗೆ ಮಲಗಿ, ರಜೆ ತಾನೇ :)

ವಾಪಸ್ ಬಂದಮೇಲೆ ಯಾರಾದರೂ "ಬಾರಾಟಾಂಗ್ ಮಿಸ್ ಮಾಡ್ಕೊಂಡ್ರಾ? ಅಯ್ಯೋ!" ಅಂತ ಕನಿಕರ ತೋರಿಸುತ್ತಾರೆ. "ಮಿಸ್ ಆಗಿದ್ದಲ್ಲ, ಬಿಟ್ಟು ಬಂದಿದ್ದು" ಅಂತ ಹೇಳಿ.

ಒಪ್ಪದವರು ಜಗಳಕ್ಕೆ ಬನ್ನಿ. ಒಪ್ಪಿದವರು ಟಿಕೆಟ್ ಬುಕ್ ಮಾಡುವ ನಿಮ್ಮ ಅಕ್ಕ-ಭಾವನಿಗೆ ಒಂದು ಮಾತು ಹೇಳಿ.